ಮೆದುಳಿಗೂ ಮೊಳಕೆ ಬರುತ್ತದೆಯೇ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ನಲವತ್ತು ದಾಟಿದ ಹೆಂಗಸು ಸ್ಕೂಟರ್ ಕಲಿಯುತ್ತೇನೆ ಅಂದರೂ ಇದೇ ಗಾದೆ, ಅರವತ್ತೈದರ ಅಜ್ಜಿ ಮೊಬೈಲಿನಲ್ಲಿ ದುಡ್ಡು ಕಳಿಸೋದು ಹೇಗೆ ಅಂತ ಮೊಮ್ಮಗನನ್ನು ಕೇಳಿದರೂ ಇದೇ ಗಾದೆ. ಬೇರೆಯವರು ಹೇಳುವುದಿರಲಿ, “ಈ ವಯಸ್ಸಿನಲ್ಲಿ ಇನ್ನೇನು ತಲೆಗೆ ಹತ್ತುತ್ತೆ ಬಿಡಿ” ಅಂತ ನಮಗೆ ನಾವೇ ತೀರ್ಪು ಕೊಟ್ಟುಕೊಂಡು ಸುಮ್ಮನಾಗುತ್ತೇವೆ.

ಸೋದರಿಯರೇ, ನಾವಷ್ಟೇ ಅಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳೂ ಬಹಳ ಕಾಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ಗಾಯವಾದರೆ ಚರ್ಮ ಕೂಡಿಕೊಳ್ಳುತ್ತದೆ, ಮುರಿದ ಮೂಳೆ ಬೆಸೆದುಕೊಳ್ಳುತ್ತದೆ, ರಕ್ತ ದಿನದಿನವೂ ಹೊಸದಾಗುತ್ತದೆ. ಆದರೆ ಮೆದುಳು ಮಾತ್ರ ಹುಟ್ಟಿನಲ್ಲಿ ಸಿಕ್ಕ ಇಡುಗಂಟು; ಖರ್ಚಾಗುತ್ತಾ ಹೋಗಬಹುದೇ ಹೊರತು ಹೊಸದಾಗಿ ಒಂದು ಪೈಸೆಯೂ ಸೇರುವುದಿಲ್ಲ ಎಂದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ಸರಿಯಲ್ಲ ಎಂದು ಈಗ ತಿಳಿದಿದೆ. ಅದು ತಿಳಿದದ್ದು ಹೇಗೆ, ಅದರಿಂದ ನಮಗೇನು ಲಾಭ, ಅದನ್ನು ಮುಂದಿಟ್ಟುಕೊಂಡು ನಮಗೆ ಮೋಸ ಮಾಡುವವರು ಯಾರು, ಇಷ್ಟನ್ನು ಹೇಳುವುದಕ್ಕೇ ಈ ಬರಹ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಮಗಳು ಜೀವಶಾಸ್ತ್ರ ಓದುತ್ತಿದ್ದಾಳೆ. ಅವಳ ಪುಸ್ತಕ ತಿರುವಿ, ಅವಳನ್ನು ಕಾಡಿ ಬೇಡಿ ಕೇಳಿ ತಿಳಿದದ್ದನ್ನು ನನಗೆ ಅರ್ಥವಾದ ಮಾತಿನಲ್ಲೇ ನಿಮ್ಮ ಮುಂದಿಡುತ್ತೇನೆ.

ಹಳೆಯ ತೀರ್ಪು, ಕೇಳದ ಸಾಕ್ಷಿ

ಸ್ಪೇನ್ ದೇಶದ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್ ಎಂಬವರು ಮೆದುಳಿನ ಶಾಸ್ತ್ರಕ್ಕೆ ತಂದೆಯಿದ್ದ ಹಾಗೆ. 1906ರಲ್ಲಿ ನೊಬೆಲ್ ಬಹುಮಾನ ಪಡೆದವರು. ಬೆಳೆದವರ ಮೆದುಳಿನಲ್ಲಿ ನರಕೋಶಗಳು ಸಾಯಬಹುದು, ಹೊಸದಾಗಿ ಹುಟ್ಟುವುದಿಲ್ಲ ಎಂದು ಅವರು ಬರೆದಿಟ್ಟರು. ಮುಂದಿನ ಕಾಲದ ವಿಜ್ಞಾನಕ್ಕೆ ಸಾಧ್ಯವಾದರೆ ಈ ಕಠಿಣ ಶಾಸನವನ್ನು ಬದಲಾಯಿಸಲಿ ಎಂಬ ಆಸೆಯನ್ನೂ ಜೊತೆಗೇ ಬರೆದಿದ್ದರು. ಜನ ಮೊದಲನೆಯ ಮಾತನ್ನು ಹಿಡಿದರು, ಎರಡನೆಯದನ್ನು ಮರೆತರು.

ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ಆಲ್ಟ್‌ಮನ್ 1962ರಲ್ಲಿ ಒಂದು ಪ್ರಶ್ನೆ ಎತ್ತಿದರು: ಬೆಳೆದ ಸಸ್ತನಿಗಳ ಮೆದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದೆಯೇ? ನಾವು ಹೊಸ ಪಾತ್ರೆ ಕೊಂಡಾಗ ಅಂಗಡಿಯಲ್ಲೇ ಹೆಸರು ಹಾಕಿಸುತ್ತೇವಲ್ಲ, ಅವರು ಮಾಡಿದ್ದೂ ಅದೇ. ಜೀವಕೋಶ ಒಂದು ಎರಡಾಗುವಾಗ ತನ್ನೊಳಗಿನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ವಿಕಿರಣದ ಗುರುತು ಸೇರಿಸಿ ಇಲಿಗಳಿಗೆ ಕೊಟ್ಟರೆ, ಆಮೇಲೆ ಹುಟ್ಟಿದ ಕೋಶಗಳ ಮೇಲೆ ಮಾತ್ರ ಆ ‘ಹೆಸರು’ ಬೀಳುತ್ತದೆ. 1965ರಲ್ಲಿ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಸೇರಿ, ಇಲಿಯ ಮೆದುಳಿನ ನೆನಪಿನ ಭಾಗದಲ್ಲಿ ಹುಟ್ಟಿದ ಮೇಲೂ ಹೊಸ ನರಕೋಶಗಳು ಸೇರುತ್ತವೆ ಎಂದು ತೋರಿಸಿದರು. ಕೇಳುವವರು ಯಾರು? 1977ರಲ್ಲಿ ಮೈಕೆಲ್ ಕಪ್ಲಾನ್ ಇನ್ನೂ ಬಲವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅದನ್ನೇ ಹೇಳಿದರು. ಆಗಲೂ ಅಷ್ಟೆ. 1983ರಲ್ಲಿ ಫರ್ನಾಂಡೊ ನಾಟೆಬೋಮ್ ಮತ್ತು ಅವರ ಶಿಷ್ಯ ಸ್ಟೀವನ್ ಗೋಲ್ಡ್‌ಮನ್, ಬೆಳೆದ ಕ್ಯಾನರಿ ಹಕ್ಕಿಯ ಮೆದುಳಿನಲ್ಲಿ ಹಾಡಿಗೆ ಸಂಬಂಧಪಟ್ಟ ಜಾಗದಲ್ಲೇ ಹೊಸ ನರಕೋಶಗಳು ಹುಟ್ಟುವುದನ್ನು ಕಂಡರು. “ಅದು ಹಕ್ಕಿಯ ಮಾತಾಯಿತು” ಎಂದವರೇ ಹೆಚ್ಚು. ಆಲ್ಟ್‌ಮನ್ ಮಾತಿಗೆ ಬೆಲೆ ಬರಲು ಮೂವತ್ತು ವರ್ಷ ಬೇಕಾಯಿತು.

ಮಲಗುವ ಕೋಣೆಯ ಪ್ರಯೋಗಾಲಯ

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಇಟಲಿಯ ಟುರಿನ್ ನಗರದ ರೀಟಾ ಲೆವಿ-ಮಾಂಟಲ್ಚೀನಿ ವೈದ್ಯಶಾಸ್ತ್ರ ಓದಿದ್ದ ಯೆಹೂದಿ ಹುಡುಗಿ. 1938ರಲ್ಲಿ ಮುಸೊಲೀನಿಯ ಸರ್ಕಾರ ಯೆಹೂದಿಗಳು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಕೂಡದೆಂದು ಕಾನೂನು ತಂದಿತು. ಈಕೆ ಅಳುತ್ತಾ ಕೂರಲಿಲ್ಲ. ತನ್ನ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡಳು. ಬಟ್ಟೆ ಹೊಲಿಯುವ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡಳು. ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ನರಗಳು ಹೇಗೆ ಬೆಳೆಯುತ್ತವೆ ಎಂದು ನೋಡುತ್ತಾ ಕೂತಳು. ಬಾಂಬ್ ದಾಳಿಗೆ ಊರು ಬಿಟ್ಟು ಹಳ್ಳಿಮನೆಗೆ ಹೋದಾಗಲೂ ಸೂಜಿ, ಮೊಟ್ಟೆ ಜೊತೆಗೇ ಹೋದವು.

ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ ಆಕೆ ಕಂಡುಹಿಡಿದದ್ದು, ನರಗಳನ್ನು ಬೆಳೆಸುವ ಒಂದು ರಾಸಾಯನಿಕ ಸಂದೇಶವನ್ನು. ಅಂದರೆ ನರ ತಾನಾಗಿ ಬೆಳೆಯುವುದಿಲ್ಲ; ಅಕ್ಕಪಕ್ಕದ ಕೋಶಗಳು “ಈ ಕಡೆ ಬಾ, ಬೆಳೆ” ಎಂದು ಹೇಳಿ ಕಳಿಸುವ ಸಣ್ಣ ಅಣುವೊಂದಿದೆ ಎಂದಾಯಿತು. ಆಕೆಯ ಜೊತೆಗಿದ್ದ ಸ್ಟ್ಯಾನ್ಲಿ ಕೋಹೆನ್ ಇನ್ನೊಂದು ವಿಚಿತ್ರ ನೋಡಿದರು. ಗಂಡು ಇಲಿಯ ಜೊಲ್ಲಿನ ಗ್ರಂಥಿಯಿಂದ ತೆಗೆದ ರಸವನ್ನು ಮರಿಗಳಿಗೆ ಚುಚ್ಚಿದರೆ, ಎರಡು ವಾರಕ್ಕೆ ಬಿಡಬೇಕಾದ ಕಣ್ಣನ್ನು ಅವು ಒಂದೇ ವಾರಕ್ಕೆ ಬಿಟ್ಟವು! ಅದರಲ್ಲಿದ್ದ ಸಂದೇಶಕ್ಕೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇ.ಜಿ.ಎಫ್. ಎಂದು ಹೆಸರಾಯಿತು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ರೀಟಾ 103 ವರ್ಷ ಬದುಕಿ 2012ರಲ್ಲಿ ತೀರಿಕೊಂಡರು.

ಮರಿಯ ಕಣ್ಣು ಬಿಡಿಸಿದ ಆ ಇ.ಜಿ.ಎಫ್. ಮುಂದೆ ಮೆದುಳಿನ ಗುಟ್ಟನ್ನೂ ಬಿಡಿಸಿತು. 1992ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್, ಬೆಳೆದ ಇಲಿಯ ಮೆದುಳಿನ ಕೋಶಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಇ.ಜಿ.ಎಫ್. ಸೇರಿಸಿದರು. ಹೆಚ್ಚಿನವು ಸತ್ತವು. ಕೆಲವೇ ಕೆಲವು ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಸಣ್ಣ ಉಂಡೆಗಳಾದವು. ಆ ಉಂಡೆಗಳಿಂದ ನರಕೋಶಗಳೂ ಬಂದವು, ಅವುಗಳಿಗೆ ಆಸರೆಯಾಗುವ ಕೋಶಗಳೂ ಬಂದವು. ಅಂದಮೇಲೆ ಬೆಳೆದ ಮೆದುಳಿನಲ್ಲೂ ಬೀಜ ಇದೆ ಎಂದಾಯಿತಲ್ಲ! ಈ ಬೀಜಕೋಶಗಳಿಗೆ ನಮ್ಮಲ್ಲಿ ಕಾಂಡಕೋಶ ಅನ್ನುತ್ತಾರೆ.

ಕಾಳು, ನೀರು, ಒದ್ದೆ ಬಟ್ಟೆ

ಹೆಸರುಕಾಳು ಡಬ್ಬಿಯಲ್ಲಿ ಆರು ತಿಂಗಳಾದರೂ ಕಾಳಾಗಿಯೇ ಇರುತ್ತದೆ. ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿಟ್ಟರೆ ಬೆಳಗಾಗುವುದರೊಳಗೆ ಮೊಳಕೆ. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಗಟ್ಟಿಯಾಗಿ ಉಳಿಯುತ್ತದೆ. ಕಾಳೊಂದಿದ್ದರೆ ಸಾಲದು, ಸುತ್ತಲಿನ ಹದ ಮುಖ್ಯ. ಮೆದುಳಿನ ಕಾಂಡಕೋಶದ ಕಥೆಯೂ ಥೇಟ್ ಹೀಗೇ. ಇಲ್ಲಿ ನೀರು, ಬಟ್ಟೆ, ಬಿಸುಪು ಎಲ್ಲವೂ ಸಂದೇಶ ಒಯ್ಯುವ ಅಣುಗಳೇ.

ಮೆದುಳಿನ ತುಂಬಾ ಈ ಬೀಜಗಳಿಲ್ಲ. ಇಲಿಯಂಥ ಸಸ್ತನಿಗಳಲ್ಲಿ ಮುಖ್ಯವಾಗಿ ಎರಡೇ ಕಡೆ. ಮೊದಲನೆಯದು, ಮೆದುಳಿನ ನಡುವೆ ನೀರು ತುಂಬಿದ ಕುಹರಗಳ ಗೋಡೆ. ಅಲ್ಲಿ ಹುಟ್ಟಿದ ಮರಿಕೋಶಗಳು ಸಾಲಾಗಿ ಮುಂದಕ್ಕೆ ನಡೆದು ವಾಸನೆ ಹಿಡಿಯುವ ಭಾಗವನ್ನು ಸೇರುತ್ತವೆ. ಮೂಗನ್ನೇ ನಂಬಿ ಬದುಕುವ ಇಲಿಗೆ ಅದು ಬೇಕೇ ಬೇಕು. ಮನುಷ್ಯರಲ್ಲಿ ಈ ದಾರಿ ಹಸುಗೂಸಿನ ಕಾಲದಲ್ಲೇ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಎರಡನೆಯದು ಹಿಪ್ಪೊಕ್ಯಾಂಪಸ್. ನೋಡಲು ಕಡಲಕುದುರೆಯ ಹಾಗಿರುವ ಈ ಭಾಗ ಎಡಕ್ಕೊಂದು ಬಲಕ್ಕೊಂದು ಇದೆ. ಬೀಗದ ಕೈ ಎಲ್ಲಿಟ್ಟೆ, ಹೊಸ ಬಡಾವಣೆಯಲ್ಲಿ ತಂಗಿಯ ಮನೆಗೆ ದಾರಿ ಯಾವುದು ಎಂಬ ನೆನಪುಗಳೆಲ್ಲ ಅಚ್ಚಾಗುವುದಕ್ಕೆ ಇದು ಬೇಕು.

ಹಾಗಾದರೆ ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ? ಒಂದು ವಠಾರವನ್ನು ನೆನೆಸಿಕೊಳ್ಳಿ.

ಗೋಡೆಗೆ ಗೋಡೆ ತಾಗಿದ ಮನೆಯವರು ತಟ್ಟಿ ಹೇಳುವ ಮಾತು ‘ನಾಚ್’. ಇದು ಹೊರಗೆ ಹರಿದುಹೋಗುವುದಿಲ್ಲ. ಮುಟ್ಟಿಕೊಂಡಿರುವ ಕೋಶ ಮುಟ್ಟಿಕೊಂಡಿರುವ ಕೋಶಕ್ಕೇ ಹೇಳಬೇಕು. “ಅವಸರ ಬೇಡ, ನೀನು ಇನ್ನೂ ಬೀಜವಾಗಿಯೇ ಇರು” ಎಂದು ಅದರ ಅರ್ಥ. ‘ಬಿ.ಎಂ.ಪಿ.’ ಎಂಬುದೂ ಮಲಗಿಸುವ ಮಾತೇ. ಮೂಳೆ ಬೆಳೆಯುವ ವಿಚಾರದಲ್ಲಿ ಮೊದಲು ಪತ್ತೆಯಾದ ಈ ಅಣು ಮೆದುಳಿನಲ್ಲಿ ಕಾಂಡಕೋಶಕ್ಕೆ ಜೋಗುಳ ಹಾಡುತ್ತದೆ. ಸದಾ ಮಲಗಿಯೇ ಇದ್ದರೆ ಆಗುತ್ತದೆಯೇ? ಅದಕ್ಕೇ ‘ನಾಗಿನ್’ ಎಂಬ ಇನ್ನೊಂದು ಅಣು ಬಂದು ಬಿ.ಎಂ.ಪಿ.ಯ ಬಾಯಿ ಮುಚ್ಚಿಸುತ್ತದೆ. ‘ಸಾನಿಕ್ ಹೆಡ್ಜ್‌ಹಾಗ್’ ಎಂಬುದು “ಏಳು, ಒಂದು ಎರಡಾಗು” ಅನ್ನುತ್ತದೆ. ಹೆಸರು ಕೇಳಿ ನಗಬೇಡಿ. ಇದರ ಜಾತಿಯ ವಂಶವಾಹಿ ಕೆಟ್ಟ ನೊಣದ ಮರಿಹುಳು ಮುಳ್ಳುಮುಳ್ಳಾಗಿ ಕಂಡದ್ದರಿಂದ ಹೆಡ್ಜ್‌ಹಾಗ್ ಅಂದರು, ಮಕ್ಕಳ ವಿಡಿಯೋ ಆಟದ ನೀಲಿ ಪ್ರಾಣಿಯ ಹೆಸರನ್ನು ಅದಕ್ಕೆ ಜೋಡಿಸಿದರು. ‘ವಿಂಟ್’ ಎಂಬ ಸಂದೇಶ “ನೀನು ನರಕೋಶವಾಗು” ಎಂದು ದಾರಿ ತೋರುತ್ತದೆ. ಪಕ್ಕದ ಆಸರೆಕೋಶಗಳೇ ಇದನ್ನು ಕಳಿಸುತ್ತವೆಂದು 2005ರಲ್ಲಿ ತೋರಿಸಿದರು. ರಕ್ತನಾಳದ ಕಡೆಯಿಂದ ‘ವಿ.ಇ.ಜಿ.ಎಫ್.’ ಬರುತ್ತದೆ. ಹುಟ್ಟಿದ ಕೂಸನ್ನು ಬದುಕಿಸಿ ಬಲಪಡಿಸುವುದರಲ್ಲಿ ‘ಬಿ.ಡಿ.ಎನ್.ಎಫ್.’ಗೆ ಪಾಲಿದೆ.

ಅಷ್ಟೊಂದು ಮಲಗಿಸುವ ಮಾತು ಏಕೆ, ಎಲ್ಲ ಬೀಜವನ್ನೂ ಎಬ್ಬಿಸಿದರೆ ಮೆದುಳು ಇನ್ನೂ ಚುರುಕಾಗುವುದಿಲ್ಲವೇ ಎಂದು ನಾನೂ ಮಗಳನ್ನು ಕೇಳಿದೆ. “ಅಮ್ಮ, ನೀನು ಮೊಸರೆಲ್ಲ ಬಡಿಸಿಬಿಟ್ಟರೆ ನಾಳೆ ಹೆಪ್ಪಿಗೆ ಏನು ಮಾಡ್ತೀಯ?” ಅಂದಳು. ಎಷ್ಟು ಸರಿ! ಇಲಿಗಳಲ್ಲಿ ನಾಚ್ ಸಂದೇಶವನ್ನು ತಡೆದು ನೋಡಿದ್ದಾರೆ. ಮಲಗಿದ್ದ ಕಾಂಡಕೋಶಗಳು ಎದ್ದು ಸ್ವಲ್ಪ ಕಾಲ ಹೊಸ ನರಕೋಶಗಳು ಹೆಚ್ಚಾದವು, ಆಮೇಲೆ ಭಂಡಾರವೇ ಬರಿದಾಯಿತು. ಸಾನಿಕ್ ಹೆಡ್ಜ್‌ಹಾಗ್ ಸಂದೇಶ ಹದ ತಪ್ಪಿ ಸದಾ ಕೂಗುತ್ತಲೇ ಇದ್ದರೆ ಇನ್ನೂ ಅಪಾಯ. ಮಕ್ಕಳ ಹಿಂಬದಿಯ ಮೆದುಳಿನಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಗೆಡ್ಡೆಗೆ ಇದೇ ಕಾರಣ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಲಿ ಓಡಿತು, ಮೆದುಳು ಚಿಗುರಿತು

ವಠಾರದ ಮಾತುಕತೆಗೂ ನಾವು ಬದುಕುವ ರೀತಿಗೂ ನಂಟಿದೆ ಎಂದು ತೋರಿಸಿದ್ದು ಇಲಿಗಳೇ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಫ್ರೆಡ್ ಗೇಜ್ ಮತ್ತು ಸಂಗಡಿಗರು 1997ರಲ್ಲಿ ಕೆಲವು ಇಲಿಗಳಿಗೆ ಬರೀ ಪಂಜರ, ಕೆಲವಕ್ಕೆ ಆಟದ ಸಾಮಾನು, ಸುರಂಗ, ಚಕ್ರ, ಜೊತೆಗಾರರು ಇರುವ ದೊಡ್ಡ ಮನೆ ಕೊಟ್ಟರು. ದೊಡ್ಡ ಮನೆಯವರ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಾಗಿ ಉಳಿದವು. 1999ರಲ್ಲಿ ಅದೇ ಸಂಸ್ಥೆಯ ಹೆನ್ರಿಯೆಟ್ ವ್ಯಾನ್ ಪ್ರಾಗ್ ಬರೀ ಓಡುವ ಚಕ್ರ ಇಟ್ಟು ನೋಡಿದರೆ, ಅಷ್ಟಕ್ಕೇ ಹೊಸ ಕೋಶಗಳು ಹೆಚ್ಚಾದವು.

ಎಲಿಜಬೆತ್ ಗೌಲ್ಡ್ ಎಂಬಾಕೆ ಇನ್ನೊಂದು ಮಗ್ಗುಲನ್ನು ಹಿಡಿದರು. ಭಯ, ಆತಂಕ ಹೆಚ್ಚಾದಾಗ ದೇಹದಲ್ಲಿ ಏರುವ ಸ್ಟೀರಾಯ್ಡ್ ಹಾರ್ಮೋನು ಹೊಸ ಕೋಶಗಳ ಹುಟ್ಟನ್ನೇ ತಗ್ಗಿಸುತ್ತದೆ ಎಂದು ತೋರಿಸಿದರು. ನಿದ್ದೆಗೆಟ್ಟ ಇಲಿಗಳಲ್ಲೂ ಹಾಗೆಯೇ ಕಂಡರು. ಹುಟ್ಟಿದ ಕೋಶಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ಸಾಯುತ್ತವೆ. ಆದರೆ ಆ ಹೊತ್ತಿಗೆ ಇಲಿಗೆ ಹೊಸ ಪಾಠ ಕಲಿಸಿದರೆ ಹೆಚ್ಚು ಕೋಶಗಳು ಬದುಕಿಕೊಳ್ಳುತ್ತವೆ ಎಂದು 1999ರಲ್ಲಿ ಹೇಳಿದವರೂ ಅವರೇ. ಹುಟ್ಟಿಸುವುದು ಓಟ, ಉಳಿಸುವುದು ಕಲಿಕೆ ಎಂದಿಟ್ಟುಕೊಳ್ಳಿ.

ಮನುಷ್ಯರ ಮಾತೇನು?

ಇಲ್ಲಿ ಸ್ವಲ್ಪ ಜಾಗ್ರತೆಯಿಂದ ಓದಿ. 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್‌ಸನ್ ಮತ್ತು ಫ್ರೆಡ್ ಗೇಜ್, ಕ್ಯಾನ್ಸರ್ ರೋಗಿಗಳಾಗಿದ್ದ ಐದು ಮಂದಿಯ ಮೆದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿದರು. ಗೆಡ್ಡೆ ಎಷ್ಟು ಬೇಗ ಬೆಳೆಯುತ್ತಿದೆ ಎಂದು ತಿಳಿಯಲು ಅವರಿಗೆ ಗುರುತಿನ ಔಷಧ ಕೊಟ್ಟಿದ್ದರು. ಆ ಗುರುತು ಹಿಪ್ಪೊಕ್ಯಾಂಪಸ್‌ನ ಹೊಸ ನರಕೋಶಗಳಲ್ಲೂ ಸಿಕ್ಕಿತು. ಅವರೆಲ್ಲ 57ರಿಂದ 72 ವರ್ಷದವರು!

2013ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಯೋನಾಸ್ ಫ್ರಿಸೇನ್ ಇನ್ನೊಂದು ದಾರಿ ಹಿಡಿದರು. 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿ, 1963ರ ಒಪ್ಪಂದದ ನಂತರ ಇಳಿಯುತ್ತಾ ಬಂತು. ಗಾಳಿಯಿಂದ ಬೆಳೆಗೆ, ಬೆಳೆಯಿಂದ ನಮ್ಮ ತಟ್ಟೆಗೆ, ತಟ್ಟೆಯಿಂದ ನಮ್ಮ ಕೋಶಕ್ಕೆ ಅದು ಬಂದಿದೆ. ಹಾಗಾಗಿ ಕೋಶದಲ್ಲಿರುವ ಕಾರ್ಬನ್-14 ಅಳೆದರೆ ಅದು ಹುಟ್ಟಿದ ವರ್ಷ ಗೊತ್ತಾಗುತ್ತದೆ. ಅವರ ಲೆಕ್ಕದಲ್ಲಿ ಬೆಳೆದವರ ಒಂದೊಂದು ಹಿಪ್ಪೊಕ್ಯಾಂಪಸ್‌ಗೂ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆ. ಇಡೀ ಮೆದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಹಾಗಾಗಿ 700 ಎಂದರೆ ಹುಂಡಿಗೆ ಬಿದ್ದ ಚಿಲ್ಲರೆ. ಆದರೂ ಬೀಳುವುದೇ ಇಲ್ಲ ಎನ್ನುವುದಕ್ಕೂ ದಿನವೂ ಬೀಳುತ್ತದೆ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ?

ಎಲ್ಲರೂ ಒಪ್ಪಿದರೇ? ಇಲ್ಲ. 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂಡವೊಂದು ಹುಡುಕಿ, ಬೆಳೆದವರಲ್ಲಿ ಒಂದೂ ಸಿಗಲಿಲ್ಲ ಎಂದಿತು. ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೌರಾ ಬೋಲ್ಡ್ರೀನಿ, ಎಪ್ಪತ್ತು ದಾಟಿದವರಲ್ಲೂ ಸಿಕ್ಕಿತು ಎಂದರು. 2019ರಲ್ಲಿ ಸ್ಪೇನಿನ ಮರಿಯಾ ಯೊರೆನ್ಸ್-ಮಾರ್ಟಿನ್ 87 ವಯಸ್ಸಿನವರೆಗೂ ಎಳೆಯ ನರಕೋಶಗಳನ್ನು ತೋರಿಸಿದರು; ಮರೆವಿನ ಕಾಯಿಲೆಯಾದ ಆಲ್ಜೈಮರ್ ಇದ್ದವರಲ್ಲಿ ಅವು ಬಹಳ ಕಡಿಮೆ ಇದ್ದವು. ಕೊತ್ತಂಬರಿ ಸೊಪ್ಪನ್ನು ತಂದ ಕೂಡಲೇ ಎತ್ತಿಡದಿದ್ದರೆ ಬಾಡುತ್ತದಲ್ಲ, ಮೆದುಳನ್ನು ಕಾಪಿಡುವ ರೀತಿಯಲ್ಲಿ ಹೆಚ್ಚುಕಡಿಮೆಯಾದರೂ ಎಳೆಯ ಕೋಶಗಳ ಗುರುತು ಅಳಿಸಿಹೋಗುತ್ತದೆ ಎಂದು ಆಕೆ ತೋರಿಸಿಕೊಟ್ಟರು. 2025ರಲ್ಲಿ ಫ್ರಿಸೇನ್ ತಂಡ 78 ವರ್ಷದವರೆಗಿನ ಮೆದುಳುಗಳಲ್ಲಿ, ನರಕೋಶಗಳಿಗೆ ಜನ್ಮ ಕೊಡುವ ವಿಭಜಿಸುತ್ತಿರುವ ಕೋಶಗಳನ್ನೇ ಗುರುತಿಸಿತು. ಆದರೆ ಎಲ್ಲರಲ್ಲೂ ಒಂದೇ ಸಮ ಅಲ್ಲ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಇಲ್ಲವೇ ಇಲ್ಲ. ಇದನ್ನೆಲ್ಲ ತಿಳಿಯಲು ಸಾಧ್ಯವಾದದ್ದು ಸತ್ತ ಮೇಲೆ ಮೆದುಳನ್ನು ದಾನ ಕೊಟ್ಟವರಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅಂಥ ದಾನ ಸ್ವೀಕರಿಸುವ ಮೆದುಳು ಭಂಡಾರವಿದೆ.

ಬೀಜ ಮಾರುವವರಿದ್ದಾರೆ, ಎಚ್ಚರ

ಇಷ್ಟು ಓದಿದ ಮೇಲೆ, “ಹಾಗಾದರೆ ಕಾಂಡಕೋಶವನ್ನೇ ಚುಚ್ಚಿಸಿಬಿಟ್ಟರೆ?” ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಆಸೆಯ ಮೇಲೆಯೇ ಕೆಲವರ ವ್ಯಾಪಾರ ನಡೆದಿದೆ.

ನಮ್ಮ ಬೀದಿಯ ಒಬ್ಬ ಗೆಳತಿಯ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಯಾರೋ ಪರಊರಿನ ಒಂದು ಕಡೆಯ ವಿಳಾಸ ಕೊಟ್ಟರು. ಮೂರು ಸಲ ಕಾಂಡಕೋಶದ ಇಂಜೆಕ್ಷನ್ ಹಾಕಿದರೆ ಕೈ ಮೊದಲಿನಂತೆ ಆಗುತ್ತದೆ ಎಂದು ಅಲ್ಲಿಯವರು ಫೋನಿನಲ್ಲೇ ಭರವಸೆ ಕೊಟ್ಟು, ಕೇಳಿದ್ದು ಆರು ಲಕ್ಷ. ಆಕೆ ಮಗಳ ಮದುವೆಗೆಂದು ಇಟ್ಟ ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡು ನನ್ನನ್ನು ಕರೆದಳು. “ನೀನೇ ಹೇಳೇ, ಕೊಡಲಾ ಬೇಡವಾ? ಕೊಡದೆ ಇದ್ದರೆ ನಾನೇ ಅವರ ಕೈ ಕಿತ್ತುಕೊಂಡ ಹಾಗಾಗುತ್ತಲ್ಲ” ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳಿಗೆ ಫೋನು ಮಾಡಿದೆವು. ಅವಳು ಹೇಳಿಕೊಟ್ಟ ಎರಡು ಪ್ರಶ್ನೆಯನ್ನು ಗೆಳತಿ ಆ ಕಡೆಯವರಿಗೆ ಕೇಳಿದಳು: ಇದು ಒಪ್ಪಿಗೆ ಪಡೆದ ಚಿಕಿತ್ಸೆಯೇ, ಪ್ರಯೋಗವೇ? ಪ್ರಯೋಗವಾದರೆ ನೋಂದಣಿ ಸಂಖ್ಯೆ ಎಷ್ಟು, ನಮ್ಮಿಂದ ಹಣ ಏಕೆ? ಫೋನು ಕಟ್ಟಾಯಿತು. ಮತ್ತೆ ಅವರೇ ಮಾಡಲಿಲ್ಲ.

ಆ ಎರಡು ಪ್ರಶ್ನೆ ನಿಮಗೂ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಕಾಂಡಕೋಶದ ಬಳಕೆ ಪ್ರಯೋಗವಾಗಿ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಕೀಳುವಂತಿಲ್ಲ. ಪ್ರಯೋಗಗಳೆಲ್ಲ ಮಂಡಳಿಯ ಸಿ.ಟಿ.ಆರ್.ಐ. ಎಂಬ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಅದೂ ಅಲ್ಲದೆ, ಎಷ್ಟೊಂದು ಸಂದೇಶಗಳ ಹದ ಕೂಡಿದರೆ ಒಂದು ಬೀಜ ಮೊಳೆಯುತ್ತದೆ ಎಂದು ಮೇಲೆ ನೋಡಿದಿರಲ್ಲ. ಆ ಹದವಿಲ್ಲದ ಕಡೆ ಬೀಜ ಸುರಿದರೆ ಸಾಯಬಹುದು, ಇಲ್ಲವೇ ಹದ ತಪ್ಪಿ ಗೆಡ್ಡೆಯಾಗಬಹುದು. ಗೆಳತಿಯ ಯಜಮಾನರು ಈಗ ದಿನವೂ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಿದ್ದಾರೆ. ಕೈ ಪೂರ್ತಿ ಬಂದಿಲ್ಲ. ಚಮಚ ಹಿಡಿದು ಉಪ್ಪಿಟ್ಟು ತಿನ್ನುತ್ತಾರೆ, ಅರ್ಧ ಚೆಲ್ಲುತ್ತದೆ. ಬಳೆಗಳು ಬೀರುವಿನಲ್ಲಿವೆ.

ನಮ್ಮ ಕೈಲಿರುವುದು

ದುಡ್ಡಿಲ್ಲದೆ ಆಗುವ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಇವು ಔಷಧವಲ್ಲ, ಮೆದುಳಿನ ವಠಾರವನ್ನು ಹದವಾಗಿಟ್ಟುಕೊಳ್ಳುವ ರೂಢಿಗಳು.

ನಡೆಯಿರಿ: 2011ರಲ್ಲಿ ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಮೂರು ದಿನ 40 ನಿಮಿಷ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಶೇಕಡಾ 2ರಷ್ಟು ದೊಡ್ಡದಾಯಿತು. ಬರೀ ಕೈಕಾಲು ಚಾಚುವ ವ್ಯಾಯಾಮ ಮಾಡಿದವರದು ಸ್ವಲ್ಪ ಕುಗ್ಗಿತು. ಅದು ಹೊಸ ನರಕೋಶಗಳಿಂದಲೇ ಆಯಿತು ಎಂದಲ್ಲ, ಆದರೂ ಒಳ್ಳೆಯದಾಯಿತಲ್ಲ. ಅವರೂ ಮೊದಲು 10 ನಿಮಿಷದಿಂದಲೇ ಶುರು ಮಾಡಿದ್ದು. ಮನೆಯೊಳಗೆ ದಿನವಿಡೀ ಓಡಾಡುತ್ತೇನಲ್ಲ ಅನ್ನಬೇಡಿ. ಉಸಿರು ಸ್ವಲ್ಪ ಏರುವಂತೆ ಒಂದೇ ಸಮನೆ ನಡೆಯಬೇಕು.

ನಿದ್ದೆ ಮಾಡಿ: ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆದು, ಎಲ್ಲರಿಗಿಂತ ಮೊದಲೆದ್ದು ಹಾಲು ಕಾಯಿಸುವ ತಾಯಂದಿರೇ, ಇದು ನಿಮಗೇ ಹೇಳಿದ್ದು. ಒಂದೆರಡು ಕೆಲಸ ಮನೆಯ ಗಂಡಸರಿಗೂ ಮಕ್ಕಳಿಗೂ ಹಂಚಿ.

ಹೊಸದೊಂದನ್ನು ಕಲಿಯಿರಿ: ಗೊತ್ತಿರುವ ಸಾರನ್ನೇ ನೂರು ಸಲ ಮಾಡುವುದಲ್ಲ. ಸ್ವಲ್ಪ ಕಷ್ಟವೆನಿಸಬೇಕು, ತಪ್ಪಾಗಬೇಕು. ಹೊಸ ಭಾಷೆ, ಸಂಗೀತ, ಸ್ಕೂಟರ್, ಏನಾದರೂ ಸರಿ.

ಕೊರಗನ್ನು ಒಳಗೇ ಇಟ್ಟುಕೊಳ್ಳಬೇಡಿ: ತಿಂಗಳುಗಟ್ಟಲೆ ಮನಸ್ಸು ಕುಗ್ಗಿದ್ದರೆ ವೈದ್ಯರಿಗೆ ತೋರಿಸಿ, ನಾಚಿಕೆ ಬೇಡ. ಹಿರಿಯರಿಗೆ ಹಾಲು ಒಲೆಯ ಮೇಲಿಟ್ಟದ್ದು ಒಂದು ದಿನ ಮರೆತರೆ ಹೆದರಬೇಕಿಲ್ಲ. ಮನೆಗೆ ಬರುವ ದಾರಿಯೇ ಮರೆತರೆ ತಡಮಾಡದೆ ತೋರಿಸಿ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ ಗಂಟೆ ನೋಡದೆ ಆಸ್ಪತ್ರೆಗೆ ಓಡಿ.

ಇನ್ನು ಮೇಲೆ ಮನೆಯ ಅಜ್ಜಿ “ಇದು ಹೇಗೆ ಮಾಡೋದು, ನನಗೂ ಹೇಳಿಕೊಡು” ಎಂದು ಮೊಬೈಲು ಹಿಡಿದು ಬಂದರೆ ಗಾದೆ ಹೇಳಿ ಕಳಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿಕೊಡಿ. ಎರಡನೆಯ ಸಲ ಕೇಳಿದರೂ ಹೇಳಿಕೊಡಿ.